‘ತಾಳ ತಪ್ಪಿದ’ ಅಂದರೆ ಬೈಗುಳ, ಹೊಗಳಲು ಯಾವ ಪದ?

ಎಲ್ಲರಿಗೂ ನಮಸ್ಕಾರ.

ಬ್ರಿಟಿಷ್ ಹಿಪ್‌ಹಾಪ್ ಆಲ್ಬಮ್ ಒಂದನ್ನು ಜನ ಹೇಗೆ ಸ್ವೀಕರಿಸಿದರು ಅಂತ ಬರೆಯಲು ಕೂತಿದ್ದೇನೆ. ತಾಳಕ್ಕೆ ಕೂರದೆ ನಡೆಯುವ ಮಾತನ್ನು ಹೊಗಳುವ ಒಂದು ಪದ ಸಿಗದೆ ಬರಹ ಮುಂದೆ ಹೋಗುತ್ತಿಲ್ಲ. ಮೈಕ್ ಸ್ಕಿನ್ನರ್ ‘ದಿ ಸ್ಟ್ರೀಟ್ಸ್’ ಹೆಸರಿನಲ್ಲಿ 2004ರ ಮೇ ತಿಂಗಳಲ್ಲಿ ಹೊರತಂದ ‘ಎ ಗ್ರ್ಯಾಂಡ್ ಡೋಂಟ್ ಕಮ್ ಫಾರ್ ಫ್ರೀ’ ಆ ಆಲ್ಬಮ್. ಗ್ರ್ಯಾಂಡ್ ಅಂದರೆ ಅಲ್ಲಿನ ಆಡುಮಾತಲ್ಲಿ ಸಾವಿರ ಪೌಂಡ್. ‘ಸಾವಿರ ಸುಮ್ನೆ ಬರಲ್ಲ’ ಅಂದರೆ ಶೀರ್ಷಿಕೆ ಮುಗಿಯಿತು, ಅದರಲ್ಲಿ ಕಷ್ಟವಿಲ್ಲ.

ಹನ್ನೊಂದು ಹಾಡು, ಒಂದೇ ಕಥೆ. ಡಿವಿಡಿ ವಾಪಸ್ ಕೊಡಬೇಕು, ಎಟಿಎಂನಿಂದ ದುಡ್ಡು ತೆಗೆಯಬೇಕು, ಅಮ್ಮನಿಗೆ ಫೋನ್ ಮಾಡಬೇಕು ಅಂತ ಹುಡುಗ ಮನೆಯಿಂದ ಹೊರಡುತ್ತಾನೆ. ಒಂದೂ ಕೈಗೂಡುವುದಿಲ್ಲ. ಮನೆಗೆ ಬಂದರೆ ಕೂಡಿಟ್ಟ ಸಾವಿರ ಪೌಂಡ್ ನಾಪತ್ತೆ. ಆಮೇಲೆ ಸಿಮೋನ್ ಎಂಬ ಹುಡುಗಿ, ಫುಟ್‌ಬಾಲ್ ಬೆಟ್ಟಿಂಗ್, ಜಗಳ, ಬ್ರೇಕಪ್. ಕೊನೆಯ ‘ಎಂಪ್ಟಿ ಕ್ಯಾನ್ಸ್’ ಹಾಡಿಗೆ ಎರಡು ಮುಕ್ತಾಯ. ಮೊದಲನೆಯದರಲ್ಲಿ ಎಲ್ಲರ ಮೇಲೂ ಅನುಮಾನ, ಟಿವಿ ರಿಪೇರಿಯವನ ಜೊತೆ ಹೊಡೆದಾಟ. ನಡುವೆ ಟೇಪ್ ಹಿಂದಕ್ಕೆ ಸುತ್ತಿದ ಸದ್ದು. ಎರಡನೆಯದರಲ್ಲಿ ಸ್ನೇಹಿತನೇ ಟಿವಿ ನೋಡಲು ಬರುತ್ತಾನೆ, ದುಡ್ಡು ಅದರ ಹಿಂದೆಯೇ ಬಿದ್ದಿರುತ್ತದೆ.

ವಿಮರ್ಶಕರು ಹಾಡಿ ಹೊಗಳಿದರು. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ ತೊಂಬತ್ತರ ಮೇಲಿದೆ. ಬ್ರಿಟನ್ನಿನಲ್ಲಿ ವರ್ಷದ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೂ ಬಂತು, ಆ ವರ್ಷ ಗೆದ್ದದ್ದು ಫ್ರಾಂಜ್ ಫರ್ಡಿನೆಂಡ್ ಎಂಬ ಬ್ಯಾಂಡ್. ಜನ ಕೂಡ ಕೈಬಿಡಲಿಲ್ಲ: ‘ಡ್ರೈ ಯುವರ್ ಐಸ್’ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು, ಆಲ್ಬಮ್ಮೂ ಹೋಯಿತು. ಅದೇ ಬೇಸಿಗೆಯಲ್ಲಿ ಇಂಗ್ಲೆಂಡ್ ತಂಡ ಯುರೋ ಕಪ್‌ನಲ್ಲಿ ಪೋರ್ಚುಗಲ್‌ಗೆ ಪೆನಾಲ್ಟಿಯಲ್ಲಿ ಸೋತಿತ್ತು. ಕಣ್ಣೊರೆಸಿಕೋ ಎನ್ನುವ ಹಾಡಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಸಿಗುತ್ತಿರಲಿಲ್ಲ.

ತಕರಾರು ಇದ್ದದ್ದು ಒಂದೇ ವಿಷಯಕ್ಕೆ, ನನ್ನ ತೊಡಕೂ ಅಲ್ಲೇ. ಸ್ಕಿನ್ನರ್ ಹಾಡುವುದಿಲ್ಲ, ಮಾತಾಡುತ್ತಾನೆ. ಬೀಟ್ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಇವನ ಸಾಲು ಅದಕ್ಕಿಂತ ಹಿಂದೆ ಬೀಳುತ್ತದೆ, ಕೆಲವೊಮ್ಮೆ ಉಸಿರು ಸಾಲದೆ ತಾಳದ ಮುಂದಿನ ಸುತ್ತಿಗೆ ಹರಿದುಹೋಗುತ್ತದೆ, ಪ್ರಾಸ ಅರ್ಧಂಬರ್ಧ. ‘ಬ್ಲೈಂಡೆಡ್ ಬೈ ದ ಲೈಟ್ಸ್’ ಕೇಳಿ ನೋಡಿ: ಕ್ಲಬ್ಬಿನಲ್ಲಿ ಫೋನ್ ಸಿಗ್ನಲ್ ಇಲ್ಲದೆ, ಬರಬೇಕಾದವರು ಬಾರದೆ, ನುಂಗಿದ ಮಾತ್ರೆ ಇನ್ನೂ ಏರಲಿಲ್ಲವಲ್ಲ ಅಂತ ಗೊಣಗುವವನ ಮಾತು ತಾಳಕ್ಕೆ ಕರಾರುವಾಕ್ಕಾಗಿ ಕೂತಿದ್ದರೆ ನಂಬುವುದು ಹೇಗೆ? ಮೆಚ್ಚಿದವರು ಮೆಚ್ಚಿದ್ದು ಇದನ್ನೇ. ‘ಇವನಿಗೆ ರ‍್ಯಾಪ್ ಬರಲ್ಲ’ ಎಂದವರು ತೋರಿಸಿದ್ದೂ ಇದನ್ನೇ. ನಾನಂತೂ ಮೊದಲಿನವರ ಕಡೆ.

ಈಗ ಕನ್ನಡದಲ್ಲಿ ಏನನ್ನಲಿ? ‘ತಾಳ ತಪ್ಪಿದ’ ಎಂದರೆ ಎರಡನೇ ಗುಂಪಿಗೆ ಸೇರಿದ ಹಾಗೆ. ಅಪಶ್ರುತಿ ಇದ್ದಂತೆ ‘ಅಪತಾಳ’ ಕಟ್ಟಬಹುದು, ಆದರೆ ಆ ‘ಅಪ’ವೇ ತೀರ್ಪು ಕೊಟ್ಟುಬಿಡುತ್ತದೆ. ಕರ್ನಾಟಕ ಸಂಗೀತದ ಅತೀತ, ಅನಾಗತ ನೆನಪಾದವು. ಅವು ತಾಳಕ್ಕೆ ಮೊದಲೋ ಆಮೇಲೋ ಎತ್ತುಗಡೆ ಮಾಡುವ, ಅಂದರೆ ಹಾಡು ಶುರು ಮಾಡುವ ಲೆಕ್ಕ. ಎತ್ತುಗಡೆಯ ಜಾಗ ನಿಗದಿ, ತಾಳದ ಪ್ರತಿ ಸುತ್ತಿಗೂ ಅಲ್ಲಿಗೇ ಬರಬೇಕು. ಇಲ್ಲಿ ಸಾಲಿಗೊಂದು ಜಾಗ. ಗಮಕ ವಾಚನದಲ್ಲಿ ತಾಳವೇ ಇಲ್ಲ. ಹರಿಕಥೆಯ ದಾಸರು ಮಾತಿಗಿಳಿದರೆ ಸಾಮಾನ್ಯವಾಗಿ ಮೃದಂಗ ಸುಮ್ಮನಾಗುತ್ತದೆ, ತಾಳಮದ್ದಲೆಯ ಅರ್ಥಗಾರಿಕೆಯ ಮಾತಿಗೂ ಮದ್ದಲೆಯ ಹಂಗಿಲ್ಲ. ತಾಳ ನಡೆಯುತ್ತಲೇ ಇದ್ದು, ಮಾತು ಅದನ್ನು ಲೆಕ್ಕಿಸದೆ ಪಕ್ಕದಲ್ಲಿ ನಡೆಯುವುದು ನಮ್ಮಲ್ಲಿ ಕಡಿಮೆ. ಪದ ಸಿಗದಿರುವುದಕ್ಕೆ ಅದೇ ಕಾರಣ ಇರಬೇಕು. ಆಲ್ ಓಕೆ, ಚಂದನ್ ಶೆಟ್ಟಿಯಂಥ ಕನ್ನಡ ರ‍್ಯಾಪರ್‌ಗಳನ್ನು ಕೇಳಿ ಬೆಳೆದ ಹುಡುಗರು ‘ಫ್ಲೋ’ ಅಂತಾರೆ, ಆದರೆ ಅವರ ಬಾಯಲ್ಲಿ ಅದು ಬೀಟ್‌ಗೆ ಅಂಟಿ ಕೂತದ್ದಕ್ಕೆ ಹೊಗಳಿಕೆ. ನನಗೆ ಬೇಕಾದ್ದಕ್ಕೆ ತದ್ವಿರುದ್ಧ.

ನಾನೇ ಕಟ್ಟಿದ್ದು ‘ಆಡುಲಯ’. ಆಡುಮಾತಿನ ಲಯ ಎಂಬ ಅರ್ಥ ಬರಲಿ ಅಂತ. ಓದಿದ ಗೆಳೆಯರೊಬ್ಬರಿಗೆ ಮೇಕೆ ಕಣ್ಮುಂದೆ ಬಂತಂತೆ. ಲಾವಣಿ, ಗೀಗೀ ಮೇಳಗಳಲ್ಲಿ ಅಥವಾ ನಾಟಕ ಕಂಪನಿಗಳ ಹಾರ್ಮೋನಿಯಂ ಮಾಸ್ತರರ ಬಾಯಲ್ಲಿ, ಹಾಡುವವರು ಬೇಕಂತಲೇ ತಾಳದ ಹಿಂದೆ ಉಳಿದು ಎಳೆದಾಡುವುದಕ್ಕೆ ಹೆಸರು ಇದೆಯೇ? ಉತ್ತರ ಕರ್ನಾಟಕದವರು ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ನಿಘಂಟಿನಲ್ಲಿರುವುದಕ್ಕಿಂತ ಮೇಳದಲ್ಲಿ ಆಡುವ ಮಾತೇ ನನಗೆ ಬೇಕು.

ಇನ್ನೊಂದು ಸಣ್ಣದು. ‘ಫಿಟ್ ಬಟ್ ಯೂ ನೋ ಇಟ್’ ಎಂಬ ಹಾಡಿದೆ. ಅಲ್ಲಿ ಫಿಟ್ ಅಂದರೆ ನೋಡೋಕೆ ಸಖತ್ ಅಂತ, ಜಿಮ್ಮಿಗೂ ಅದಕ್ಕೂ ಸಂಬಂಧವಿಲ್ಲ. ‘ಚೆಲುವೆ’ ಅಂದರೆ ಭಾವಗೀತೆ ಆಗುತ್ತದೆ. ಉಳಿದರ್ಧಕ್ಕೆ, ಅಂದರೆ ‘ಅದು ನಿನಗೂ ಗೊತ್ತು’ ಅನ್ನುವುದಕ್ಕೆ, ‘ಬಿಂಕ’ ಹಾಕಿದ್ದೇನೆ. ‘ಜಂಬ’ ಅಂದರೆ ಹಾಡಿನ ಹುಡುಗನ ಆಸೆ ಕಾಣುವುದಿಲ್ಲ, ಬರೀ ಸಿಟ್ಟು ಉಳಿಯುತ್ತದೆ. ಮಂಗಳೂರು, ಮೈಸೂರು ಕಡೆ ಕಾಲೇಜು ಹುಡುಗರು ಈಗ ಏನನ್ನುತ್ತಾರೆ?