ಕೆನಡಾ ಎಂಬ ಹೆಸರು ಕನ್ನಡದಿಂದ ಬಂದುದಲ್ಲ

ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ನಮ್ಮ ಮಕ್ಕಳಿಗೆ ಅವರು ಹುಟ್ಟಿದ ಈ ದೇಶದ ಬಗ್ಗೆ ಏನನ್ನು ಹೇಳಿಕೊಡಬೇಕು ಎಂದು ಕೇಳಿರುವ ಹಿರಿಯರಿಗೆ ನನ್ನ ಅನುಭವವೊಂದನ್ನು ತಿಳಿಸಬಯಸುತ್ತೇನೆ.

ಹೋದ ರಜೆಯಲ್ಲಿ ಬೇಲೂರು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದಾಗ ನನ್ನ ತಂದೆಯವರು ಮೊಮ್ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡು, "ಕೆನಡಾ ಅಂದರೆ ಬೇರೇನೂ ಅಲ್ಲ ಪುಟ್ಟಿ, ನಮ್ಮ ಕನ್ನಡವೇ" ಎಂದರು. ಟೊರಾಂಟೊದಲ್ಲಿ ಹುಟ್ಟಿದ ಅವಳು ಹಿಗ್ಗಿ, ಮರಳಿದೊಡನೆ ಅದನ್ನು ತರಗತಿಯಲ್ಲಿ ಹೇಳುವುದಾಗಿ ನಿಶ್ಚಯಿಸಿದಳು. ಅಭಿಮಾನದಿಂದ ನಮ್ಮಲ್ಲಿ ಅನೇಕರು ಆಡುವ ಮಾತಿದು. ಆದರೂ ಮಗುವಿಗೆ ನಿಜವನ್ನೇ ತಿಳಿಸಬೇಕೆಂದು ನನಗೆ ತೋರಿತು.

1535ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇ ಸೇಂಟ್ ಲಾರೆನ್ಸ್ ನದಿಯಲ್ಲಿ ಒಳನಾಡಿನತ್ತ ಸಾಗಿದಾಗ, ಅವನಿಗೆ ದಾರಿ ತೋರಿಸುತ್ತಿದ್ದ ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾಯನ್ ಜನರ ಇಬ್ಬರು ತರುಣರು, ಇಂದಿನ ಕ್ವಿಬೆಕ್ ನಗರವಿರುವಲ್ಲಿದ್ದ ಸ್ಟಾಡಕೋನ ಎಂಬ ತಮ್ಮ ನೆಲೆಯನ್ನು ಕುರಿತು 'ಕನಾಟ' ಎಂದರು. ಅವರ ನುಡಿಯಲ್ಲಿ ಆ ಪದಕ್ಕೆ ಹಳ್ಳಿ, ಜನವಸತಿ ಎಂದು ಅರ್ಥ. ಕಾರ್ತಿಯೇ ಅದನ್ನು ಆ ಊರಿನ ಮುಖಂಡನ ಸೀಮೆಗೆಲ್ಲ ಅನ್ವಯಿಸಿದನು. 1547ರ ಹೊತ್ತಿಗೆ ಭೂಪಟಗಳಲ್ಲಿ ನದಿಯ ಉತ್ತರದ ನೆಲಕ್ಕೆಲ್ಲ ಅದೇ ಹೆಸರು ಬಿದ್ದಿತ್ತು. 1867ರ ಜುಲೈ 1ರಂದು ಅಲ್ಲಿನ ಬ್ರಿಟಿಷ್ ವಸಾಹತುಗಳು ಸೇರಿ ಒಕ್ಕೂಟವು ರೂಪುಗೊಂಡಾಗ ಅದೇ ದೇಶದ ಹೆಸರಾಯಿತು.

ಇದನ್ನು ಮಗಳಿಗೆ ವಿವರಿಸುವಾಗ ನನ್ನ ನೆರವಿಗೆ ಬಂದುದು ನಮ್ಮ ಹಾಸನ ಸೀಮೆಯೇ. ದಾರಿಯುದ್ದಕ್ಕೂ ಅವಳು ನಾಮಫಲಕಗಳಲ್ಲಿ 'ಹಳ್ಳಿ' ಎಂದು ಕೊನೆಗೊಳ್ಳುವ ಹೆಸರುಗಳನ್ನು ಓದಿದ್ದಳು. ಹೊರಗಿನಿಂದ ಬಂದವನೊಬ್ಬನು ಬೇಲೂರಿನ ಆಚೆ ನಿಂತು ಇದೇನೆಂದು ಕೇಳಿ, ನಾವು "ಹಳ್ಳಿ" ಎಂದುದನ್ನೇ ಇಡೀ ನಾಡಿನ ಹೆಸರಾಗಿ ಬರೆದುಕೊಂಡು ಹೋದರೆ ಹೇಗಿರುತ್ತದೆ ಎಂದು ಕೇಳಿದಾಗ ಅವಳಿಗೆ ತಟ್ಟನೆ ಅರ್ಥವಾಯಿತು. ಸಖರಾಯಪಟ್ಟಣದ ಅರಸನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು ಎಂಬ ಐತಿಹ್ಯವನ್ನೂ, ಹಿರಿಯ ಮಗಳ ಹಿರೇಮಗಳೂರು ಪಕ್ಕದಲ್ಲೇ ಇರುವುದನ್ನೂ ಹೇಳಿದೆ. ಆದರೆ ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದೆ. ಕನ್ನಡದ ಹಿರಿಮೆಗೆ ನಮ್ಮ ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. 450ರ ಸುಮಾರಿನ ಶಾಸನವೇ ಸಾಕು. ಕೆನಡಾದ ಹೆಸರನ್ನು ಅದರ ಮೂಲದ ಜನರಿಂದ ನಾವು ಕಸಿದುಕೊಳ್ಳಬೇಕಾಗಿಲ್ಲ.

ಎಲ್ಲವನ್ನೂ ಕೇಳಿದ ಮೇಲೆ ಅವಳು, "ಆ ಊರಿನವರು ಈಗೆಲ್ಲಿದ್ದಾರಮ್ಮ?" ಎಂದು ಕೇಳಿದಳು. 1608ರಲ್ಲಿ ಫ್ರೆಂಚರು ಅಲ್ಲಿ ಕ್ವಿಬೆಕ್ ಅನ್ನು ಕಟ್ಟುವ ವೇಳೆಗೆ ಸ್ಟಾಡಕೋನ ಇಲ್ಲವಾಗಿತ್ತೆಂದೂ, ಅವರ ನುಡಿಗೆ ಹತ್ತಿರದ ಮೊಹಾಕ್ ಭಾಷೆಯಲ್ಲಿ ಊರಿಗೆ ಇಂದಿಗೂ ಅಂಥದೇ ಪದವಿದೆಯೆಂದೂ ಹೇಳಿದೆ. ತರಗತಿಗೆ ಸಿದ್ಧಪಡಿಸಿದ ಹಾಳೆಯಲ್ಲಿ ಅವಳು 'ಕನಾಟ', 'ಹಳ್ಳಿ' ಎರಡನ್ನೂ ಅಕ್ಕಪಕ್ಕದಲ್ಲಿ ಬರೆದಳು, ಎರಡನೆಯದನ್ನು ಕನ್ನಡ ಅಕ್ಷರಗಳಲ್ಲಿ.