ಬಯೋಮಾರ್ಕರ್: ಕುರುಹೋ, ಸುಳಿವೋ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಬಯೋಮಾರ್ಕರ್ ಎಂಬ ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಬೇಕಾಗಿದೆ.

ನನ್ನ ಅಣ್ಣನ ಮಗಳು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಕ್ಯಾನ್ಸರ್ ಪತ್ತೆಗೆ ನ್ಯಾನೋ ವಸ್ತುಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ, ಸೆನ್ಸರ್ ಮಾಡುವ ಕೆಲಸ. ಊರ ಶಾಲೆಯ ಮಕ್ಕಳಿಗೆ ಹೇಳಬೇಕು, ಒಂದು ಪುಟ ಕನ್ನಡದಲ್ಲಿ ಬರೆದುಕೊಡು ಅಂದಳು. ಸೆನ್ಸರ್‌ನಲ್ಲೇ ಎಡವಿದೆ. ಆಯಿ ಕೇಳಿಸಿಕೊಂಡು, ಸಿನಿಮಾಕ್ಕೆ ಕತ್ತರಿ ಹಾಕೋದಾ ಅಂದಳು! ‘ಸಂವೇದಕ’ ಅಂದರೆ ಯಾರೋ ಮರುಗಿದ ಹಾಗೆ ಕೇಳುತ್ತದೆ. ಸೆನ್ಸರ್ ಅಂತಲೇ ಉಳಿಸಿದೆ.

ಕೆಲಸ ಹೀಗೆ: ಇಂಗಾಲದ ಕಡ್ಡಿಯ ತುದಿಗೆ ಚಿನ್ನದ ನ್ಯಾನೋ ಕಣ ಲೇಪಿಸುತ್ತಾರೆ. ಇಡೀ ಅಡಿಕೆಗಿಂತ ಕತ್ತರಿಸಿದ ಚೂರಿಗೆ ಸುಣ್ಣ ಜಾಸ್ತಿ ಹತ್ತುತ್ತದೆ ಅಲ್ವಾ, ಹಾಗೆ ಕಣ ಸಣ್ಣದಾದಷ್ಟೂ ಅಂಟಲು ಜಾಗ ಜಾಸ್ತಿ. (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಎಂದಿದೆ. ನಮ್ಮ ತೋಟದವರ ಮುಂದೆ ಈ ಹೋಲಿಕೆ ಬೇಡವೇನೋ.) ಕಣಗಳ ಮೇಲೆ ಪ್ರತಿಕಾಯ (ಆ್ಯಂಟಿಬಾಡಿ, ತನಗೆ ಹೊಂದುವ ವಸ್ತುವನ್ನಷ್ಟೇ ಹಿಡಿಯುವ ಪ್ರೋಟೀನ್) ಕೂರಿಸುತ್ತಾರೆ. ರಕ್ತದಲ್ಲಿ ಅದಕ್ಕೆ ಹೊಂದುವ ಪ್ರೋಟೀನ್ ಇದ್ದರೆ ಬಂದು ಅಂಟುತ್ತದೆ, ಕಡ್ಡಿಯಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ, ಅದರಿಂದ ಪ್ರೋಟೀನ್ ಇದೆ ಎಂದು ಗೊತ್ತಾಗುತ್ತದೆ.

ಕ್ಯಾನ್ಸರ್ ಇರಬಹುದು ಎಂದು ತೋರಿಸುವ ಆ ಪ್ರೋಟೀನೇ ಬಯೋಮಾರ್ಕರ್. ‘ಜೈವಿಕ ಸೂಚಕ’ ಎಂದು ಬರೆಯುವುದುಂಟು. ಆದರೆ ಶಾಲೆ ಮಕ್ಕಳಿಗೆ ಸೂಚಕ ಅಂದರೆ ಲಿಟ್ಮಸ್.

‘ಕುರುಹು’ ನನಗೆ ಇಷ್ಟ. ಆದರೆ ಕೆಸರಲ್ಲಿ ಹುಲಿಹೆಜ್ಜೆಯ ಕುರುಹು ಕಂಡರೆ ಹುಲಿ ಬಂದದ್ದು ಖಾತ್ರಿ. ಇಲ್ಲಿ ಹಾಗಲ್ಲ. ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪಿಎಸ್‌ಎ ಎಂಬ ಪ್ರೋಟೀನ್ ತಗೊಳ್ಳಿ. ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೋಗ್ರಾಂ ದಾಟಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಇರಬಹುದಾ ಎಂದು ನೋಡುವುದು ಹಳೇ ರೂಢಿ. ವಯಸ್ಸಾಗಿ ಗ್ರಂಥಿ ಸುಮ್ನೆ ದೊಡ್ಡದಾದರೂ, ಸೋಂಕಾದರೂ ಅದು ಏರುತ್ತದೆ. ಹಾಗಾದರೆ ‘ಸುಳಿವು’? ಅನುಮಾನಕ್ಕೆ ಅಲ್ಲಿ ಜಾಗ ಇದೆ. ಆದರೆ ಸುಳಿವು ಸಿಗುತ್ತದೆ, ಅಂಟುವುದಿಲ್ಲ! ‘ಸುಳಿವು ಬಂದು ಚಿನ್ನದ ಕಣಕ್ಕೆ ಅಂಟಿತು’ ಎಂದು ಬರೆದು ನಾನೇ ನಕ್ಕೆ. ಕುರುಹು ವಸ್ತು, ಸುಳಿವು ಸುದ್ದಿ. ಬಯೋಮಾರ್ಕರ್ ಎರಡೂ ಹೌದು.

ಸದ್ಯಕ್ಕೆ ‘ಕುರುಹು-ಪ್ರೋಟೀನ್’ ಎಂದು ಬರೆದಿದ್ದೇನೆ, ಅದು ಕೊಡುವುದು ‘ಸುಳಿವು’. ನಿಮ್ಮ ಕಡೆ ಈ ಎರಡು ಪದಗಳಲ್ಲಿ ಇದೇ ವ್ಯತ್ಯಾಸ ಇದೆಯಾ? ಕಾರವಾರ, ಕುಮಟಾ ಕಡೆಯವರಿಗೆ ಇನ್ನೊಂದು ಪ್ರಶ್ನೆ: ನೀರಿನ ಬಣ್ಣವೋ ಹಕ್ಕಿಯೋ ನೋಡಿ ಮೀನಿನ ಹಿಂಡು ಇರಬಹುದು ಎಂದು ಅಂದಾಜಿಸುವಾಗ, ಆ ಬಣ್ಣಕ್ಕೆ, ಹಕ್ಕಿಗೆ ಮೀನುಗಾರರು ಏನಂತಾರೆ?