ಸಹಾಯ ಬೇಕು: ಕರೆಂಟ್ ಬಂದರೂ ಸರ್ವರ್ ತಾನಾಗಿ ಆನ್ ಆಗುತ್ತಿಲ್ಲ

ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದಲ್ಲಿ ಎರಡು ಉಬುಂಟು ಸರ್ವರ್ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತೇ ಇದೆಯಲ್ವಾ. ಯುಪಿಎಸ್ 20 ನಿಮಿಷ ತಡೆಯುತ್ತದೆ, ಬ್ಯಾಟರಿ ಇಳಿದಾಗ ಯುಪಿಎಸ್ ಮೇಲೆ ಕಣ್ಣಿಡುವ ನಟ್ (NUT) ಸಾಫ್ಟ್‌ವೇರ್ ಎರಡನ್ನೂ ಸರಿಯಾಗಿ ಶಟ್‌ಡೌನ್ ಮಾಡುತ್ತದೆ. ಅಲ್ಲಿಯವರೆಗೆ ಚೆನ್ನಾಗಿದೆ.

ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್), ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕೆಂದು ಹೇಳುವ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಮೊದಲು ‘ಲಾಸ್ಟ್ ಸ್ಟೇಟ್’ ಅಂತ ಇತ್ತು. ಹಾಗಿದ್ದರೆ ಶಟ್‌ಡೌನ್ ಆದ ಮಷೀನು ಆಫ್ ಆಗಿಯೇ ಉಳಿಯುತ್ತದೆ. ಅದಕ್ಕೇ ‘ಪವರ್ ಆನ್’ ಮಾಡಿದೆ. ಹಳೆಯ ಸರ್ವರ್ ಮಾತ್ರ ಅದನ್ನೂ ಮರೆಯುತ್ತಿತ್ತು, ಗಡಿಯಾರ ನೋಡಿದರೆ 2009ನೇ ಇಸವಿ! ಮದರ್‌ಬೋರ್ಡಿನ ಮೇಲಿನ, ಸೆಟ್ಟಿಂಗ್ ಮತ್ತು ಗಡಿಯಾರ ಉಳಿಸುವ ಸಿಆರ್2032 ಸೆಲ್ ಸತ್ತಿತ್ತು, ಬದಲಾಯಿಸಿದೆ.

ಈಗ ಉಳಿದಿರುವ ತಲೆನೋವು ಒಂದೇ. ಶಟ್‌ಡೌನ್ ಆಗಿ ಯುಪಿಎಸ್ ಪೂರ್ತಿ ಆಫ್ ಆಗುವ ಮೊದಲೇ ಕರೆಂಟ್ ಬಂದುಬಿಟ್ಟರೆ, ಸರ್ವರ್‌ಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ, ಸುಮ್ನೆ ಆಫ್ ಆಗಿ ಕೂತಿರುತ್ತದೆ. ಮೊನ್ನೆ ಹೀಗಾಗಿ, ಬೆಳಿಗ್ಗೆ ಅಡಿಕೆ ದುಡ್ಡಿಗೆ ಬಂದ ರೈತರು ಹತ್ತೂವರೆವರೆಗೆ ಜಗಲಿಯಲ್ಲೇ ಕಾದರು. ನನಗೆ ತುಂಬಾ ಬೇಜಾರಾಯಿತು.

ಶಟ್‌ಡೌನ್ ಕೊನೆಯಲ್ಲಿ ಯುಪಿಎಸ್ ಔಟ್‌ಪುಟ್ಟನ್ನೇ ಕಟ್ ಮಾಡಿಸಿ, ಕರೆಂಟ್ ಬಂದ ಮೇಲೆ ಮತ್ತೆ ಕೊಡುವ ಹಾಗೆ ನಟ್‌ನಲ್ಲಿ ಯಾರಾದರೂ ಮಾಡಿದ್ದೀರಾ? ಯುಎಸ್‌ಬಿ ಇರುವ ಸಾಧಾರಣ ಯುಪಿಎಸ್‌ನಲ್ಲಿ ನಡೆಯುತ್ತದಾ? ನಿಮ್ಮ ಸೆಟ್ಟಿಂಗ್ ಹಾಕಿದರೆ ದೊಡ್ಡ ಉಪಕಾರ.